ಹಾಜರಿ ಸರ್ಟಿಫಿಕೇಟು

ವಾದಿ ಅದಾಯ್, ಮಸ್ಕತ್
7 ಸೆಪ್ಟೆಂಬರ್ 2025

ಪ್ರೀತಿಯ ಮಾವಾ,

ನಾನು ಕ್ಷೇಮ. ಇಲ್ಲಿಯ ಕಾರ್ಪೆಟ್ಟಿನ ಬಗ್ಗೆ ಹಾಗೆ ಹೇಳಲಾಗುವುದಿಲ್ಲ.

ನೀವು ಕೊಡಿಸಿದ ಕೆಲಸಕ್ಕೆ ಸೇರಿ ಒಂದು ವಾರವಾಯಿತು. ‘ಹೇಗುಂಟು ಇನ್‌ಸ್ಟಿಟ್ಯೂಟು’ ಎಂದು ವಾಟ್ಸಾಪಿನಲ್ಲಿ ಕೇಳಿದ್ದಿರಿ. ಅಲ್ಲಿ ಬರೆದರೆ ವಸಂತಿ ಅತ್ತೆ ಓದುತ್ತಾರೆ. ಅತ್ತೆ ಓದಿದ್ದು ಅಮ್ಮನಿಗೆ ಹೋಗುತ್ತದೆ. ಅಮ್ಮನಿಗೆ ಹೋದದ್ದು ಉಡುಪಿಗೆಲ್ಲ ಹೋಗುತ್ತದೆ. ಅದಕ್ಕೇ ಈ ಇಮೇಲು, ಅದೂ ಕನ್ನಡದಲ್ಲಿ. ನಿಮ್ಮ ಆಫೀಸಿನ ಮೇಲುಗಳನ್ನೆಲ್ಲ ಮೇಲಿನವರು ಓದುತ್ತಾರೆಂದು ನೀವೇ ಹೇಳಿದ್ದಿರಲ್ಲ. ಓದಲಿ, ನಮ್ಮ ಅಕ್ಷರದ ಜಿಲೇಬಿ ಎಣಿಸಿಕೊಂಡು ಕೂರಲಿ.

ವಾದಿ ಅದಾಯ್ ಎಂಬ ಹೆಸರು ಕೇಳಿ ಏನೋ ಆದಾಯ ಉಂಟು ಎಂದುಕೊಂಡು ಬಂದೆ. ವಾದಿ ಎಂದರೆ ನಮ್ಮ ಮಾಲಕರು ಮಾರ್ಸೆಲಿನ್ ಸರ್, ಆದಾಯವೂ ಅವರದ್ದೇ. ನಾನು ಪ್ರತಿವಾದಿ. ಕೆಳಗೆ ಟಯರ್ ಅಂಗಡಿ, ಮೇಲೆ ನಾವು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಬಾಗಿಲು ತೆರೆದರೆ ಕಾಲುಚೀಲದ ವಾಸನೆ, ಏಸಿ ಹಾಕಿದರೆ ಎರಡೂ ತಣ್ಣಗಾಗಿ ಮುಖಕ್ಕೆ ಬರುತ್ತವೆ. ಕಾರ್ಪೆಟ್ಟಿನ ಮೂಲ ಬಣ್ಣ ಗೊತ್ತಿದ್ದವರು ಯಾರೂ ಈಗ ಇಲ್ಲಿ ಕೆಲಸದಲ್ಲಿಲ್ಲ. ಮೊನ್ನೆ ಒಂದು ಕೀಲಿಮಣೆಯನ್ನು ತಲೆಕೆಳಗೆ ಹಿಡಿದು ಕುಟ್ಟಿದೆ. ಬಿಸ್ಕತ್ತಿನ ಪುಡಿ, ಕೂದಲು, ಯಾರದ್ದೋ ಉಗುರಿನ ಚೂರುಗಳು ಬಿದ್ದವು. ಎಂಟರ್ ಒತ್ತಿದರೆ ಒಳಗಿನಿಂದ ಒಂದು ಜಿರಳೆ ಎಕ್ಸಿಟ್ ಆಯಿತು. ಅಂದಿನಿಂದ ನನ್ನ ಊಟ ಅರ್ಧಕ್ಕಿಳಿದಿದೆ.

ಕೋರ್ಸಿನ ಹೆಸರು ಮಾತ್ರ ದೊಡ್ಡದು: ಆಫೀಸ್ ಅಡ್ಮಿನಿಸ್ಟ್ರೇಶನ್ ಮತ್ತು ಪ್ರಾಕ್ಟಿಕಲ್ ಅಕೌಂಟಿಂಗ್. ಅಭ್ಯಾಸಕ್ಕೆ ‘ಅಲ್ ಸ್ಯಾಂಪಲ್ ಟ್ರೇಡಿಂಗ್’ ಎಂಬ ಸುಳ್ಳು ಕಂಪನಿ ಉಂಟು. ಗೋದಾಮಿಲ್ಲ, ಗಿರಾಕಿ ಇಲ್ಲ, ಆದರೂ ವರ್ಷವರ್ಷ ಲಾಭ. ಮೊದಲ ಬೆಂಚಿನಲ್ಲಿ ಮಂಗಳೂರಿನ ಕ್ಲಾರಿಸ್ಸಾ ಕೂರುತ್ತಾಳೆ. ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಕೂತು ಬೇಜಾರಾಯಿತೆಂದು ಬಂದವಳು. ನಿನ್ನೆ ಎಕ್ಸೆಲ್ ಅಂದೆ. ಅಂಗಿಗೆ ನನಗೆ ಎಲ್ ಸೈಜೇ ಸಾಕು ಅಂದಳು.

ಮಾವನ ಆಸ್ತಿ ತಂಗಿಯ ಮಕ್ಕಳಿಗೆ ಎನ್ನುವ ಅಳಿಯಕಟ್ಟಿನ ಲೆಕ್ಕದಲ್ಲಿ ನಿಮ್ಮ ಆಸ್ತಿಗೆ ನಾನೂ ವಾರಸುದಾರಳು. ಸದ್ಯಕ್ಕೆ ಬಂದಿರುವುದು ಈ ಕೊಂಕು ನಾಲಿಗೆ ಮಾತ್ರ.

ನಿಮ್ಮ ಸೊಸೆ,
ಸುಪ್ರೀತಾ


ಸಲಾಲ
9 ಸೆಪ್ಟೆಂಬರ್ 2025

ಸುಪ್ಪಿ,

ನಿನ್ನ ಮೇಲು ಓದಿ ಆಫೀಸಿನಲ್ಲೇ ನಕ್ಕೆ. ಮ್ಯಾನೇಜರ್ ಇಣುಕಿದ. ಊರಿನಲ್ಲಿ ಸಾವು ಎಂದೆ. ನಗುತ್ತಿದ್ದವನ ಮುಖ ನೋಡಿಯೂ ನಂಬಿದ, ಅಂಥ ಬುದ್ಧಿವಂತ.

ಹೇಸಿಗೆ ಪಡಬೇಡ ಮಾರಾಯ್ತಿ. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನು ಎಂಟು ಮಂದಿಯೊಟ್ಟಿಗೆ ಒಂದು ಕೋಣೆಯಲ್ಲಿದ್ದವ. ನಿನ್ನ ಕಾರ್ಪೆಟ್ಟು ನನಗೆ ಮಖಮಲ್ಲು. ಸಾಲ ಎಂಬಲ್ಲಿ ನಡುವೆ ಒಂದು ಲಕಾರ ಸಿಕ್ಕಿಸಿ ದೀರ್ಘವನ್ನು ಅದಕ್ಕೆ ಕೊಟ್ಟರೆ ಸಲಾಲ ಆಗುತ್ತದೆ. ಆ ಲಕಾರವನ್ನು ಹಿಡಿದುಕೊಂಡೇ ಇಷ್ಟು ವರ್ಷ ಕಳೆದೆ.

ಈಗ ಒಂದು ಕೆಲಸ. ಬರುವ ಭಾನುವಾರದ ಬ್ಯಾಚಿಗೆ ನಮ್ಮ ಕಂಪನಿಯಿಂದ ಒಬ್ಬಳು ಬರುತ್ತಾಳೆ. ಇಲ್ಲಿಯವಳೇ, ಸಲಾಲದ ಹುಡುಗಿ. ಕಳೆದ ವರ್ಷದಿಂದ ನನ್ನ ಕೈಕೆಳಗೆ ಟ್ರೇನಿ. ಅಕೌಂಟ್ಸಿನಲ್ಲಿ ಈ ದೇಶದವರೇ ಇರಬೇಕು ಎಂಬುದು ಈಗಿನ ನಿಯಮ, ಗೊತ್ತುಂಟಲ್ಲ. ನಿಮ್ಮಲ್ಲಿಂದ ಪೂರ್ಣ ಸರ್ಟಿಫಿಕೇಟು ತಂದರೆ ಅವಳಿಗೆ ಅಕೌಂಟ್ಸಿನಲ್ಲಿ ಕೆಲಸ ಖಾಯಂ. ಹೆಸರು ತುಫೂಲ್. ಒಂದು ಫೂಲ್ ಸಾಲದೆಂದು ಟು ಫೂಲ್.

ಪಾಪದ ಹುಡುಗಿ, ಹಗುರವಾಗಿ ಕಲಿಸು. ಕಾಗದ ಟೈಪ್ ಮಾಡಲಿ, ಎಕ್ಸೆಲಿನಲ್ಲಿ ಗೆರೆ ಎಳೆಯಲಿ. ಬ್ಯಾಂಕಿನ ಲೆಕ್ಕದ ತಾಳೆ, ವ್ಯಾಟು ತೆರಿಗೆ, ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಕ್ಲೋಸಿಂಗು ಎಲ್ಲ ಆ ಸಣ್ಣ ಮಂಡೆಗೆ ಯಾಕೆ ತುಂಬುವುದು? ಅದಕ್ಕೆ ನಾನಿದ್ದೇನೆ. ನಾವಿಬ್ಬರೂ ಸಂಬಂಧಿಕರೆಂದು ಅವಳಿಗೆ ಹೇಳಬೇಡ, ಸಂಕೋಚಪಟ್ಟಾಳು.

ಅತ್ತೆ ಕೇಳಿದ್ದಾಳೆ: ಕುಚ್ಚಲಕ್ಕಿ ಸಿಗುತ್ತದಾ?

ಮಾವ


ವಾದಿ ಅದಾಯ್
5 ಅಕ್ಟೋಬರ್ 2025

ಪ್ರೀತಿಯ ಮಾವಾ,

ಕುಚ್ಚಲಕ್ಕಿ ಸಿಗುತ್ತದೆ. ಸಿಗದೆ ಇದ್ದದ್ದು ಕಲಿಯುವ ಮನಸ್ಸಿನವರು. ಈಗ ಅದೂ ಒಬ್ಬಳು ಸಿಕ್ಕಿದ್ದಾಳೆ, ನಿಮ್ಮ ತುಫೂಲ್.

ಹಿಂದಿಯಲ್ಲಿ ಫೂಲ್ ಎಂದರೆ ಹೂವೂ ಹೌದು ಮಾವಾ, ಅದನ್ನು ನೀವು ಮರೆತಿರಿ. ಅಲ್ ಅಮೇರಾತಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಎಲ್ಲರಿಗಿಂತ ಮೊದಲು ಬರುತ್ತಾಳೆ. ಬಂದ ಎರಡನೇ ದಿನ ಕೈಯಲ್ಲಿ ಒಂದು ಬಾಟಲಿ ಸ್ಪಿರಿಟು, ಒಂದು ಕಟ್ಟು ಹತ್ತಿ. ತನ್ನ ಕೀಲಿಮಣೆ ಒರೆಸಿದಳು, ಆಮೇಲೆ ನನ್ನದು, ಆಮೇಲೆ ಮಾತಿಲ್ಲದೆ ಇಡೀ ಸಾಲಿನದು. ಮಾರ್ಸೆಲಿನ್ ಸರ್ ನೋಡಿ, ಸ್ಪಿರಿಟಿನ ಖರ್ಚು ಇನ್‌ಸ್ಟಿಟ್ಯೂಟಿನದ್ದಲ್ಲ ಎಂದು ಹೇಳಿ ಹೋದರು. ಹೇಸಿಗೆ ಎನ್ನುವುದಕ್ಕೆ ಕೈಕಾಲು ಬಂದು ಟೈ ಕಟ್ಟಿಕೊಂಡರೆ ಈ ಮನುಷ್ಯ.

ನೀವು ಹೇಳಿದ್ದನ್ನು ನಾನು ಮರೆತಿಲ್ಲ, ಹಗುರವಾಗಿಯೇ ಶುರು ಮಾಡಿದೆ. ಎರಡು ವಾರದಲ್ಲಿ ಕಾಗದ, ಎಕ್ಸೆಲ್ಲು ಎಲ್ಲ ಮುಗಿಸಿ, ಮುಂದೆ ಏನು ಎಂದು ಕೇಳಿದಳು. ನಿಮ್ಮ ಕೈಕೆಳಗಿನವಳು ಬರಿಗೈಯಲ್ಲಿ ವಾಪಸು ಬಂದರೆ ನಿಮಗೂ ಅವಮಾನ, ನನಗೂ ಅವಮಾನ. ಹಾಗಾಗಿ ಕ್ಲಾಸು ಮುಗಿದ ಮೇಲೆ ಕೂರಿಸಿ ಬ್ಯಾಂಕಿನ ತಾಳೆ ಹೇಳಿಕೊಟ್ಟೆ. ಖರ್ಜೂರದ ನಾಡಿನಲ್ಲಿ ತಾಳೆ ಕಲಿಸಬೇಕಾದರೆ ಎಷ್ಟು ತಾಳ್ಮೆ ಬೇಕೆಂದು ಹೆದರಿದ್ದೆ. ಬೇಕಾಗಲಿಲ್ಲ. ನಾನು ಬೇಕೆಂದೇ ಒಂದು ಚೆಕ್ಕನ್ನು ಎರಡು ಸಲ ಬರೆದಿಟ್ಟಿದ್ದೆ. ಹಿಡಿದಳು. ನಿಮಗೆ ಹೆಮ್ಮೆಯಾಗಬೇಕು.

ಮುಂದಿನ ವಾರ ವ್ಯಾಟು, ಆಮೇಲೆ ಕ್ಲೋಸಿಂಗು. ಬಡ್ತಿ ಸಿಕ್ಕಿದಾಗ ನಿಮ್ಮ ಟ್ರೇನಿ ಅಲ್ವಾ ಎಂದು ನಿಮ್ಮನ್ನೇ ಹೊಗಳುತ್ತಾರೆ. ನನಗೆ ಆಗ ಹಲ್ವಾ ಕಳಿಸಿ.

ಸುಪ್ರೀತಾ


ಸಲಾಲ
6 ಅಕ್ಟೋಬರ್ 2025

ಸುಪ್ಪಿ,

ನಿನ್ನ ಮೇಲು ಬಂದ ಕೂಡಲೇ ಬರೆಯುತ್ತಿದ್ದೇನೆ. ವ್ಯಾಟು ಬೇಡ. ಕ್ಲೋಸಿಂಗಂತೂ ಬೇಡವೇ ಬೇಡ.

ನಾನು ಹಗುರವಾಗಿ ಎಂದದ್ದು ನಿನಗೆ ಹೇಗೆ ಕೇಳಿತೋ. ಎಂ.ಕಾಂ. ಓದಿದವರಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಿದ್ದೊಂದನ್ನು ಬಿಟ್ಟು. ಆ ಹುಡುಗಿಗೆ ಮದುವೆಯ ಮಾತುಕತೆ ನಡೆಯುತ್ತಿದೆ ಎಂದು ಕೇಳಿದ್ದೇನೆ. ಕ್ಲೋಸಿಂಗಿನ ತಲೆಬಿಸಿ ಅವಳಿಗೆ ಯಾಕೆ? ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕೊನೆಗೆ ಹಾಜರಿ ಸರ್ಟಿಫಿಕೇಟು ಕೊಟ್ಟರೆ ಸಾಕು. ಮಾರ್ಸೆಲಿನ್‌ಗೆ ಹೇಳು, ಅವನಿಗೆ ಗೊತ್ತುಂಟು.

ಮಾವ


ಅಲ್ ಅಮೇರಾತ್
26 ಅಕ್ಟೋಬರ್ 2025

ಮಾವಾ,

ಇದನ್ನು ತುಫೂಲಳ ಚಿಕ್ಕಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬರುತ್ತಿರುವುದು ಮೊದಲ ಸಲವಲ್ಲ. ನಿಮಗೆ ಹೇಳಿರಲಿಲ್ಲ.

ಹಾಜರಿ ಸರ್ಟಿಫಿಕೇಟು ಎಂದರೇನೆಂದು ಮಾರ್ಸೆಲಿನ್ ಸರ್ ಅವರನ್ನು ಕೇಳಿದೆ. ಅವರು ಸಮೋಸಾ ತಿನ್ನುತ್ತಿದ್ದರು. ಎಣ್ಣೆ ಕೈಯಲ್ಲೇ ಡ್ರಾವರಿನಿಂದ ಎರಡು ಹಾಳೆ ತೆಗೆದರು. ಒಂದೇ ಅಂಚು, ಒಂದೇ ಮೊಹರು, ಒಂದೇ ಹೊಳೆಯುವ ನಕ್ಷತ್ರ. ಒಂದರಲ್ಲಿ ಕೋರ್ಸನ್ನು ಪೂರ್ಣಗೊಳಿಸಿದ್ದಾರೆ ಎಂದು, ಇನ್ನೊಂದರಲ್ಲಿ ಕೋರ್ಸಿಗೆ ಹಾಜರಾಗಿದ್ದಾರೆ ಎಂದು. ಓದುವವರಿಗೆ ದೂರದಿಂದ ಎರಡೂ ಒಂದೇ. ಬಲ್ಲ ಕಂಪನಿಗೆ ಮಾತ್ರ ವ್ಯತ್ಯಾಸ ಗೊತ್ತು. ಈ ದೇಶದ ಹುಡುಗ ಹುಡುಗಿಯರನ್ನು ಟ್ರೇನಿಂಗಿಗೆ ಕಳಿಸಿದೆವು ಎಂದು ದಾಖಲೆಯೂ ಆಯಿತು, ಪಾಪ ಇನ್ನೂ ತಯಾರಿಲ್ಲ ಎಂದು ವರದಿಯೂ ಆಯಿತು, ಕುರ್ಚಿ ಹಳಬನ ಕೈಯಲ್ಲೇ ಉಳಿಯಿತು. ಮಸ್ಕತ್ತಿನ ಖುರುಮ್‌ನ ದೊಡ್ಡ ಆಫೀಸುಗಳಿಂದ ಫೋನು ಬರುತ್ತದಂತೆ, ಹೋಟೆಲಿನಲ್ಲಿ ಸಕ್ಕರೆ ಕಮ್ಮಿ ಚಹಾ ಹೇಳಿದ ಹಾಗೆ.

“ನೋಡು ಮಗಾ, ಅರ್ಧ ಕಲಿಸಿದರೂ ಫೀಸು ಪೂರ್ತಿ. ನಿನ್ನ ಮಾವ ನಮ್ಮ ಹಳೇ ಗಿರಾಕಿ” ಎಂದರು. ಅವರ ಗಲ್ಲದ ಮೇಲೆ ಬಟಾಣಿ ಅಂಟಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಸಂಜೆ ತುಫೂಲ್ ಇಲ್ಲಿಗೆ ಕರೆದುಕೊಂಡು ಬಂದಳು. ಕಾವಾ ಕುಡಿಯುತ್ತ ನಿಮ್ಮ ವಿಷಯ ಬಂತು. ನೀವು ಬಹಳ ಒಳ್ಳೆಯವರಂತೆ. ತಿಂಗಳ ಕೊನೆಯ ದಿನ ಮಧ್ಯಾಹ್ನವೇ ಅವಳನ್ನು ಮನೆಗೆ ಕಳಿಸುತ್ತೀರಂತೆ, ತಾಯಿ ಕಾಯುತ್ತಿರಬಹುದು ಹೋಗು ಎಂದು. ಬ್ಯಾಂಕಿನ ಕಾಗದ ಬಂದ ದಿನ ಸ್ಟೇಶನರಿ ತರಲು ಕಳಿಸುತ್ತೀರಂತೆ. ಒಂದು ವರ್ಷದಲ್ಲಿ ಒಂದು ಸಲವೂ ಗದರಿಲ್ಲವಂತೆ. ಒಂದು ಸಲವೂ ಕ್ಲೋಸಿಂಗು ತೋರಿಸಿಲ್ಲವಂತೆ. ಎರಡನ್ನೂ ಒಂದೇ ಸ್ವರದಲ್ಲಿ ಹೇಳಿದಳು. ಕೆಲಸ ಸಿಕ್ಕಿದರೆ ತಮ್ಮನನ್ನು ಓದಿಸುತ್ತಾಳಂತೆ. ಮದುವೆಯ ಮಾತುಕತೆ ಯಾವುದೂ ನಡೆದಿಲ್ಲ, ಚಿಕ್ಕಮ್ಮನನ್ನೇ ಕೇಳಿದೆ.

ನಾನು ನಿಮ್ಮ ಸೊಸೆ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಮೊದಲು ನೀವು ಬೇಡ ಎಂದದ್ದಕ್ಕೆ ಹೇಳಿರಲಿಲ್ಲ. ಇವತ್ತು ನಾಚಿಕೆಗೆ ಹೇಳಲಿಲ್ಲ.

ಒಂದೇ ಪ್ರಶ್ನೆ. ಅವಳಿಗೆ ಖಾಯಂ ಆಗುವ ಕುರ್ಚಿ ಯಾವುದು?

ಸುಪ್ರೀತಾ


ಸಲಾಲ
2 ನವೆಂಬರ್ 2025

ಸುಪ್ರೀತಾ,

ನನ್ನದು.

ಗೊತ್ತಾಯಿತಲ್ಲ? ಅವಳು ಪೂರ್ಣ ಎಂದು ಬರೆಸಿಕೊಂಡು ಬಂದ ದಿನ ನನ್ನ ವೀಸಾ ಇನ್ನು ಹೊಸತಾಗುವುದಿಲ್ಲ. ನನಗೆ ಐವತ್ತಾರು. ಮಗ ಶ್ರವಣನ ಇಂಜಿನಿಯರಿಂಗು ಮುಗಿಯಲು ಎರಡು ವರ್ಷ ಉಂಟು. ನಿನ್ನ ಅತ್ತೆಗೆ ಮೊಣಕಾಲು ನೋವು. ಈ ವಯಸ್ಸಿನಲ್ಲಿ ಊರಿಗೆ ಬಂದು ಯಾರ ಅಂಗಡಿಯಲ್ಲಿ ಲೆಕ್ಕ ಬರೆಯಲಿ?

ನನ್ನ ಬಗ್ಗೆ ನಿನಗೆ ಹೇಸಿಗೆಯಾಗಿದೆ, ಅಕ್ಷರ ಅಕ್ಷರದಲ್ಲಿ ಕಾಣುತ್ತದೆ. ಆಗಲಿ. ಆದರೆ ಮಾರ್ಸೆಲಿನ್ ನಿನಗೆ ಕೆಲಸ ಕೊಟ್ಟದ್ದು ಯಾಕೆಂದು ಯೋಚಿಸಿದ್ದೀಯಾ? ನಿನ್ನ ಅಂಕಪಟ್ಟಿ ನೋಡಿಯಲ್ಲ. ನಮ್ಮ ಕಂಪನಿ ಪ್ರತಿ ವರ್ಷ ಅವನಿಗೆ ಟ್ರೇನಿಗಳನ್ನು ಕಳಿಸುತ್ತದೆ, ಕಳಿಸುವವ ನಾನು. ನನ್ನ ಕುರ್ಚಿ ಹೋದರೆ ನಿನ್ನ ಸ್ಟೂಲೂ ಹೋಗುತ್ತದೆ.

ಗುರುವಾರ ಕೋರ್ಸು ಮುಗಿಯುತ್ತದೆ. ಹಾಜರಿ ಎಂದು ಬರೆ. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಇನ್ನೊಂದು ಸಲ ಬರಬಹುದು. ನನಗೆ ಇನ್ನೊಂದು ಸಲ ಇಲ್ಲ.

ಭೋಜರಾಜ


ವಾದಿ ಅದಾಯ್
6 ನವೆಂಬರ್ 2025

ಮಾವಾ,

ಇವತ್ತು ಪರೀಕ್ಷೆ, ನೀವು ಬೇಡವೆಂದರೂ ನಾನು ಕಲಿಸಿದ ಕ್ಲೋಸಿಂಗನ್ನೂ ಸೇರಿಸಿ. ಅಲ್ ಸ್ಯಾಂಪಲ್ ಟ್ರೇಡಿಂಗಿನ ಇಡೀ ವರ್ಷದ ಲೆಕ್ಕವನ್ನು ಕದಡಿ ತುಫೂಲಳ ಮುಂದಿಟ್ಟೆ. ಆರಂಭ ಶಿಲ್ಕಿನಿಂದಲೇ ತಪ್ಪು. ಎಲ್ಲ ಸರಿ ಮಾಡಿ, ವರ್ಷ ಮುಗಿಸಿ, ಕಂಪನಿಗೆ ನಿಜವಾಗಿ ನಷ್ಟವೇ ಆಗಿದೆ ಎಂದು ತೋರಿಸಿದಳು. ಇಷ್ಟು ಬ್ಯಾಚುಗಳಲ್ಲಿ ಆ ಸುಳ್ಳು ಕಂಪನಿಯ ಬಗ್ಗೆ ಯಾರಾದರೂ ಹೇಳಿದ ಮೊದಲ ಸತ್ಯ.

ಮಾರ್ಸೆಲಿನ್ ಸರ್ ಖುರುಮ್‌ಗೆ ಹೋಗಿದ್ದರು. ಟ್ರೇನರ್ ಸಹಿ ನನ್ನದು, ಮೊಹರು ಡ್ರಾವರಿನದು. ಪೂರ್ಣ ಎಂಬ ಹಾಳೆಗೆ ಒತ್ತಿ, ಎಲ್ಲರೆದುರು ಅವಳ ಕೈಗೆ ಕೊಟ್ಟೆ. ಕ್ಲಾರಿಸ್ಸಾ ವಿಡಿಯೋ ಮಾಡಿದ್ದಾಳೆ. ಪ್ರತಿಯನ್ನು ನಿಮ್ಮ ಮ್ಯಾನೇಜರಿಗೂ ಕಳಿಸಿದ್ದೇನೆ, ಇಂಗ್ಲಿಷಿನಲ್ಲಿ.

ಶ್ರವಣನ ಫೀಸಿನ ಬಗ್ಗೆ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಅವಳ ತಮ್ಮನ ಬಗ್ಗೆ ಕೇಳಿದ ದಿನವೂ ಬಂದಿರಲಿಲ್ಲ. ನೀವು ಬೈಯಿರಿ.

ಸುಪ್ರೀತಾ


ವಾದಿ ಅದಾಯ್
1 ಡಿಸೆಂಬರ್ 2025

ಮಾವಾ,

ನೀವು ಬೈಯಲೂ ಇಲ್ಲ. ಅತ್ತೆ ಫೋನು ಎತ್ತುವುದಿಲ್ಲ. ಅಮ್ಮ ಮಾತ್ರ ಎತ್ತಿ, ಅಣ್ಣನ ಅನ್ನಕ್ಕೆ ಮಣ್ಣು ಹಾಕಿದವಳು ಎಂದು ಹೇಳಿ ಇಟ್ಟುಬಿಟ್ಟರು.

ಮಾರ್ಸೆಲಿನ್ ಸರ್ ನನ್ನನ್ನು ತೆಗೆಯಲಿಲ್ಲ. ತೆಗೆದರೆ ಟಿಕೆಟಿನ ಖರ್ಚು ಅವರದ್ದು. ಅದಕ್ಕೆ ಟೈಪಿಂಗಿಗೆ ಹಾಕಿದ್ದಾರೆ. ಬೆಳಗಿಂದ ಸಂಜೆವರೆಗೆ ಎ ಎಸ್ ಡಿ ಎಫ್. ಎಡಗೈ ಬೆರಳುಗಳ ಕಾವಲು ಕಾಯುವ ಕೆಲಸ. ನನ್ನ ಜಾಗಕ್ಕೆ ಬಂದವನು ಕ್ಲಾಸಿನಲ್ಲೇ ಮೂಗಿಗೆ ಬೆರಳು ಹಾಕಿ, ಅದೇ ಬೆರಳಿನಲ್ಲಿ ಕ್ಲೋಸಿಂಗ್ ಬ್ಯಾಲೆನ್ಸ್ ತೋರಿಸುತ್ತಾನೆ.

ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಿನ್ನೆ ಸಂಜೆ ತುಫೂಲ್ ಫೋನು ಮಾಡಿದ್ದಳು. ತಿಂಗಳ ಕೊನೆಯಲ್ಲವೇ, ನೀವು ಮನೆಗೆ ಹೋಗು ಎಂದರೂ ಈ ಸಲ ಹೋಗಲಿಲ್ಲವಂತೆ. ಕ್ಲೋಸಿಂಗು ನೋಡಬೇಕೆಂದು ನಿಮ್ಮ ಹಿಂದೆ ಬಂದು ನಿಂತಳಂತೆ. ನಿಮ್ಮ ಎರಡೂ ಕೈಯಲ್ಲಿ ಸುಲೈಮಾನಿ ಚಹಾದ ಲೋಟ ಇತ್ತಂತೆ. ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಓಡಾಡುತ್ತಿತ್ತಂತೆ. ವೋಚರು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅಂಕಿ ತುಂಬುತ್ತಿತ್ತು. ವೈರಸ್ ಎಂದುಕೊಂಡು ಓಡಿಹೋಗಿ ನೆಟ್‌ವರ್ಕಿನ ವಯರು ಕಿತ್ತಳಂತೆ. ಮ್ಯಾನೇಜರಿಗೂ ವೈರಸ್ ಎಂದೇ ಹೇಳಿದ್ದಾಳೆ. ಕಂಪ್ಯೂಟರಿನವರು ಬಂದು ನೋಡುತ್ತಾರಂತೆ. ನಿಮಗೆ ತೊಂದರೆಯಾಗುತ್ತದಾ ಎಂದು ಹೆದರಿ ನನ್ನನ್ನು ಕೇಳಿದಳು.

ನಾನು ಏನು ಹೇಳಲಿ ಮಾವಾ? ಅದು ಏನು?

ಸುಪ್ರೀತಾ


ಸಲಾಲ
9 ಡಿಸೆಂಬರ್ 2025

ಸುಪ್ಪಿ,

ಅದು ವಸಂತಿಯ ತಂಗಿಯ ಮಗ, ಅಕ್ಷಯ್. ಮಂಗಳೂರಿನಲ್ಲಿ ಕೂತು ನನ್ನ ಕಂಪ್ಯೂಟರ್ ನಡೆಸುವವನು.

ಎರಡು ವರ್ಷದ ಹಿಂದೆ ಕಂಪನಿ ಹಳೆ ಸಾಫ್ಟ್‌ವೇರ್ ಬಿಸಾಡಿ ಹೊಸತು ತಂದಿತು. ಹಳೆಯದು ನನಗೆ ಕಣ್ಣುಮುಚ್ಚಿಕೊಂಡು ಬರುತ್ತಿತ್ತು. ಹೊಸದಕ್ಕೆ ಮೂರು ದಿನ ಟ್ರೇನಿಂಗು ಕೊಟ್ಟರು. ಹೇಳಿಕೊಡುವವ ನಿನ್ನ ವಯಸ್ಸಿನವ, ಬುಲೆಟ್ ರೈಲು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಅರ್ಥವಾಗಲಿಲ್ಲ ಎನ್ನಲು ಆ ಪಡ್ಡೆಗಳೆದುರು ನಾಲಿಗೆ ಏಳಲಿಲ್ಲ. ಮೊದಲ ಕ್ಲೋಸಿಂಗಿನ ದಿನ ಅಕ್ಷಯನಿಗೆ ಫೋನು ಮಾಡಿ ಅತ್ತೆ. ಅತ್ತೆ ಎಂದರೆ ನಿನ್ನ ಅತ್ತೆಯಲ್ಲ, ನಾನೇ ಅತ್ತದ್ದು. ಇಷ್ಟರ ಮಧ್ಯೆಯೂ ನನಗೆ ಇದೊಂದು ಚಟ ಬಿಡುವುದಿಲ್ಲ ನೋಡು. ಅಂದಿನಿಂದ ಅವನೇ ಮಾಡುತ್ತಾನೆ, ನಾನು ಅವನಿಗೆ ತಿಂಗಳು ತಿಂಗಳು ಕಳಿಸುತ್ತೇನೆ.

ತುಫೂಲಳನ್ನು ಮನೆಗೆ ಕಳಿಸುತ್ತಿದ್ದದ್ದು ವಿದ್ಯೆ ಬಚ್ಚಿಡಲಿಕ್ಕಲ್ಲ. ಬಚ್ಚಿಡಲು ನನ್ನ ಹತ್ತಿರ ವಿದ್ಯೆಯೇ ಇರಲಿಲ್ಲ. ನೀನು ನನ್ನನ್ನು ಕಪಟಿ ಎಂದುಕೊಂಡೆ. ನಾನು ತಿದ್ದಲಿಲ್ಲ. ಕಳ್ಳ ಎನ್ನಿಸಿಕೊಂಡಾದರೂ ಬದುಕಬಹುದು, ದಡ್ಡ ಎನ್ನಿಸಿಕೊಳ್ಳುವುದು ನನ್ನಿಂದ ಆಗುವುದಿಲ್ಲ ಎಂದು ಕಂಡಿತು.

ಕಂಪ್ಯೂಟರಿನವರು ಅಕ್ಷಯನ ಹೆಸರು ಹಿಡಿದರು. ಮ್ಯಾನೇಜರ್ ಕರೆದ. ಪೊಲೀಸು, ಜೈಲು, ಖಲಾಸ್ ಎಂದುಕೊಂಡೇ ಒಳಗೆ ಹೋದೆ. ಕೂರಿಸಿದ. ಚಹಾ ತರಿಸಿದ. “ಈ ಅಕ್ಷಯ್ ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾನೆ?” ಎಂದು ಕೇಳಿದ. ಹೇಳಿದೆ. ಚೀಟಿಯಲ್ಲಿ ಬರೆದುಕೊಂಡು ನಕ್ಕ, ಆ ನಗುವನ್ನು ಒರೆಸಲು ನಿನ್ನ ತುಫೂಲಳ ಸ್ಪಿರಿಟ್ ಸಾಲದು.

ಈಗ ಏರ್ಪಾಡು ಹೀಗೆ. ಜನವರಿ ಕೊನೆಗೆ ನಾನು ಊರಿಗೆ. ತುಫೂಲ್ ಅಕೌಂಟೆಂಟ್, ಖಾಯಂ, ಬಾಗಿಲಿಗೆ ಹೆಸರಿನ ಫಲಕ ಬಂದಿದೆ. ಕೆಲಸ ಮಾತ್ರ ಮಂಗಳೂರಿನಿಂದ ಅಕ್ಷಯ್ ಮಾಡುತ್ತಾನೆ, ಈಗ ಕಂಪನಿಯದೇ ಸಂಬಳಕ್ಕೆ. ಅವಳು ಕುರ್ಚಿಯಲ್ಲಿ ಕೂತು ಬಾಣ ಓಡುವುದನ್ನು ನೋಡಬೇಕು. ನಿಯಮಕ್ಕೆ ಅವಳ ಹೆಸರು, ದುಡಿಮೆಗೆ ಅಗ್ಗದ ಕೈ. ನೀನು ಪೂರ್ಣ ಎಂದು ಬರೆದು ಕಳಿಸಿದೆ, ಇವರು ಅವಳನ್ನು ಹಾಜರಿಗೆ ಇಟ್ಟುಕೊಂಡರು.

ಆ ದಾರಿ ತೋರಿಸಿಕೊಟ್ಟವನು ನಾನು. ಅವಳು ನನಗೆ ಬೆಳಿಗ್ಗೆ ಇನ್ನೂ ನಮಸ್ಕಾರ ಹೇಳುತ್ತಾಳೆ. ಊಟ ಸೇರುವುದಿಲ್ಲ.

ಮಾವ


ವಾದಿ ಅದಾಯ್
15 ಡಿಸೆಂಬರ್ 2025

ಮಾವಾ,

ಮೂರು ದಿನ ನಿಮ್ಮ ಮೇಲನ್ನು ಓದಿದೆ. ಪಾಪ ಅನ್ನಿಸಿತು. ಹೇಸಿಗೆಯೂ ಹೋಗಿಲ್ಲ. ಎರಡೂ ಒಂದೇ ಹೊಟ್ಟೆಯಲ್ಲಿ ಉಂಟು, ಯಾವುದು ಅರಗುತ್ತದೋ ನೋಡೋಣ. ರಜೆಗೆ ಸಲಾಲಕ್ಕೆ ಬರುವುದಿಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ, ಬೇರೆಯವರಿಂದ ನಿಮಗೆ ಗೊತ್ತಾಗುವುದು ಬೇಡ.

ನಿನ್ನೆ ಭಾನುವಾರ ಬೆಳಿಗ್ಗೆ ತುಫೂಲ್ ಫೋನು ಮಾಡಿದಳು. ವ್ಯಾಟಿನ ಲೆಕ್ಕ ಇನ್ನು ಅವಳ ಹೆಸರಿನಲ್ಲಿ ಹೋಗುತ್ತದಂತೆ. ಅದಕ್ಕಾಗಿ ಮ್ಯಾನೇಜರ್ ಮುಖ್ಯ ಪಾಸ್‌ವರ್ಡನ್ನೂ ಅವಳಿಗೇ ಕೊಟ್ಟಿದ್ದಾನೆ, ತಪ್ಪಾದರೆ ಹಿಡಿಯಲು ಒಂದು ಕುತ್ತಿಗೆ ಬೇಕಲ್ಲ. “ಸಹಿ ನನ್ನದು, ಕೈ ಇನ್ನೊಬ್ಬರದು. ಆ ಕೈಯನ್ನು ತೆಗೆಯುವುದು ಹೇಗೆ?” ಎಂದು ಕೇಳಿದಳು.

ಹೇಳಿಕೊಟ್ಟೆ. ಎ ಎಸ್ ಡಿ ಎಫ್ ಮಾಡುತ್ತಿದ್ದ ಕ್ಲಾಸನ್ನು ಹಾಗೇ ಬಿಟ್ಟು, ಮೆಟ್ಟಿಲಿನಲ್ಲಿ ಟಯರಿನ ವಾಸನೆಯ ನಡುವೆ ಕೂತು ಹೇಳಿದೆ. ಸೆಟ್ಟಿಂಗಿಗೆ ಹೋಗು, ಬಳಕೆದಾರರ ಪಟ್ಟಿ ತೆರೆ, ಅಕ್ಷಯ್ ಎಂಬಲ್ಲಿ ಒತ್ತು, ತೆಗೆ. ದೂರದಿಂದ ನಡೆಸುವ ಸಾಫ್ಟ್‌ವೇರನ್ನೂ ಕಿತ್ತುಹಾಕು. ಪಾಸ್‌ವರ್ಡ್ ಬದಲಿಸು, ಹೊಸದನ್ನು ನನಗೂ ಹೇಳಬೇಡ. ನಮ್ಮ ಸಿಲೆಬಸ್ಸಿನಲ್ಲಿ ಇಲ್ಲದ ಪಾಠ ಇದೊಂದೇ, ನಾನು ಕಲಿಸಿದ್ದರಲ್ಲಿ ಪ್ರಾಕ್ಟಿಕಲ್ ಎನ್ನಿಸಿದ್ದೂ ಇದೊಂದೇ.

ಹಾಗೆಯೇ ಇನ್ನೊಂದನ್ನೂ ಹೇಳಿದೆ, ನಾನು ನಿಮ್ಮ ಸೊಸೆ ಎಂದು. ಅವಳು ನಕ್ಕಳು. ನಿಮ್ಮ ಮೇಜಿನ ಮೇಲಿನ ಮನೆಯವರ ಫೋಟೋದಲ್ಲಿ ನಾನಿದ್ದೇನಲ್ಲ, ಮೊದಲ ದಿನವೇ ಗೊತ್ತಾಗಿತ್ತಂತೆ. ಹಾಗಾದರೆ ಅಲ್ ಅಮೇರಾತಿನಲ್ಲಿ ಕೂತು ನಿಮ್ಮನ್ನು ಅಷ್ಟು ಹೊಗಳಿದ್ದು ಯಾಕೆಂದು ಕೇಳಿದೆ. ನಿಮ್ಮ ಮುಖಕ್ಕೆ ದೂರು ಹೇಳಲು ಮರ್ಯಾದೆ ಬಿಡಲಿಲ್ಲವಂತೆ. ನನ್ನ ಕಿವಿಗೆ ಹಾಕಿದರೆ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ ಎಂದುಕೊಂಡಳಂತೆ. ಅದು ವೈರಸ್ ಎಂದು ಅವಳು ನಿಜಕ್ಕೂ ನಂಬಿದ್ದಳಾ ಎಂದು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.

ಅಕ್ಷಯ್ ನಿಮಗೆ ಫೋನು ಮಾಡಬಹುದು.

ಸುಪ್ರೀತಾ


ಸಲಾಲ
16 ಡಿಸೆಂಬರ್ 2025

ಸುಪ್ಪಿ,

ಮಾಡಿದ. ಒಳಗೆ ಹೋಗಲು ಆಗುತ್ತಿಲ್ಲ ದೊಡ್ಡಪ್ಪ ಎಂದು ಒಂದೇ ರಾಗ. ಈ ದೇಶದಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದೆ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು, ಉಳಿದವರಿಗೆಲ್ಲ ಆಗಲೇ ಹೇಳಿ ಮುಗಿದಿತ್ತು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಅವಳ ಕೋಣೆಗೆ ನುಗ್ಗಿ ಬೊಬ್ಬೆ ಹೊಡೆದ. ನಾನು ಮೂಲೆಯ ಮೇಜಿನಲ್ಲಿದ್ದೆ, ಈಗ ನನ್ನ ಜಾಗ ಅಲ್ಲಿ. ತುಫೂಲ್ ಏಳಲಿಲ್ಲ. ಡಿಸೆಂಬರ್ ಕ್ಲೋಸಿಂಗು ತಾನೇ ಮಾಡುವುದಾಗಿ ಹೇಳಿದಳು, ಇಂಗ್ಲಿಷಿನಲ್ಲಿ, ತಗ್ಗಿದ ಸ್ವರದಲ್ಲಿ. ಅವನು ತೆಗೆದುಹಾಕುತ್ತೇನೆ ಎಂದ. “ತೆಗೆಯಿರಿ. ಬಾಗಿಲಿನ ಫಲಕಕ್ಕೆ ನಾಳೆ ಯಾರ ಹೆಸರು ಹಾಕುತ್ತೀರಿ?” ಎಂದಳು. ಅವನು ನನ್ನ ಕಡೆ ನೋಡಿದ. ನಾನು ಲೋಟದ ಕಡೆ ನೋಡಿದೆ. ಹೋದ.

ಆಮೇಲೆ ಅವಳು ಒಂದು ಕುರ್ಚಿ ಎಳೆದು ತನ್ನ ಪಕ್ಕದಲ್ಲಿಟ್ಟು, ಬನ್ನಿ ಎಂದು ಕರೆದಳು. ಸುಹಾರ್ ಊರಿನ ಪಾರ್ಟಿ ಪ್ರತಿ ಸಲ ಸಾಗಾಟದ ಬಿಲ್ಲನ್ನು ಯಾಕೆ ತಡವಾಗಿ ಕಳಿಸುತ್ತದೆ, ಯಾವ ಗಿರಾಕಿಯ ಮಾತು ನಂಬಬಹುದು ಎಂದೆಲ್ಲ ಕೇಳಿದಳು. ಅಕ್ಷಯನಿಗೆ ಇದೊಂದೂ ಗೊತ್ತಿಲ್ಲ. ನನಗೆ ಗೊತ್ತುಂಟು. ಎಲ್ಲ ಹೇಳಿದೆ, ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಹೇಳುತ್ತ ಹೇಳುತ್ತ ನನ್ನ ಕಣ್ಣು ಪರದೆಯ ಮೇಲಿತ್ತು. ಯಾವುದರ ಮೇಲೆ ಒತ್ತಿದಳು, ಎಲ್ಲಿಗೆ ಹೋದಳು, ವೋಚರು ಹೇಗೆ ತೆರೆಯಿತು ಎಂದು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು. ಹೇಳಿಕೊಡು ಎಂದು ನಾನು ಕೇಳಲಿಲ್ಲ, ನನ್ನ ಹಾಳು ನಾಲಿಗೆ ಇವತ್ತೂ ಏಳಲಿಲ್ಲ. ಮುಂದಿನ ವೋಚರನ್ನು ತೆರೆಯುವಾಗ ಅವಳು ಪರದೆಯನ್ನು ನನ್ನ ಕಡೆಗೆ ಸ್ವಲ್ಪ ತಿರುಗಿಸಿ, ಒಂದೊಂದು ಕಡೆ ಒತ್ತುವ ಮೊದಲೂ ಬಾಣವನ್ನು ಒಂದು ಗಳಿಗೆ ನಿಲ್ಲಿಸಿದಳು.

ಮಾವ